ತಿರುಗಿ ನೋಡುವ ಕೆಲಸ

ನನಗೆ ಬಲಗಿವಿ ಕೇಳಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕಾಯಿಲೆಯ ಕಥೆ ಓದುವವರು ಮೊದಲು ಕೊನೆಯ ಪುಟ ತೆಗೆದು ಕಡೆಗೆ ಏನಾಯಿತೆಂದು ನೋಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಕಡೆಗೆ ಆದದ್ದು ಇಷ್ಟು: ತಲೆಸುತ್ತು ಹೋಯಿತು, ಕಿವಿ ಮರಳಲಿಲ್ಲ, ನಾನು ಇನ್ನೂ ಫುಟ್‌ಬಾಲ್ ಆಡುತ್ತಿದ್ದೇನೆ. ನಡುವೆ ನಡೆದದ್ದನ್ನು, ಈಗ ಎಲ್ಲೋ ಗೋಡೆ ಹಿಡಿದು ಕೂತಿರುವ ಯಾರಿಗಾದರೂ ತಲುಪಲಿ ಎಂದು ಬರೆಯುತ್ತಿದ್ದೇನೆ. ಅಕ್ಷರಗಳು ಓಡಾಡುತ್ತಿದ್ದರೆ ಮನೆಯವರಿಂದ ಓದಿಸಿಕೊಳ್ಳಿ. ಎರಡು ವಾರ ನಾನು ಹಾಗೇ ಮಾಡಿದೆ.

ನನ್ನ ಹೆಸರು ಮಾಯಾ. ಹುಟ್ಟಿದ್ದು ನೇಪಾಳದ ಒಂದು ಗುಡ್ಡದ ಊರಿನಲ್ಲಿ. ನನಗೆ ಐದು ವರ್ಷವಾಗಿದ್ದಾಗ ಬುವಾ, ಅಂದರೆ ಅಪ್ಪ, ಮೈಸೂರಿನ ಒಂದು ವಿದ್ಯಾರ್ಥಿ ಹಾಸ್ಟೆಲಿಗೆ ಅಡುಗೆಯವರಾಗಿ ಬಂದರು. ಕುಂಬಾರಕೊಪ್ಪಲಿನಲ್ಲಿ ಫಿಲೋಮಿನಮ್ಮ ಎನ್ನುವವರ ಮನೆಯ ಹಿಂಭಾಗದ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಈಗಲೂ ಅಲ್ಲೇ ಇದ್ದೇವೆ. ಫಿಲೋಮಿನಮ್ಮ ಆಗ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದರು, ಈಗ ನಿವೃತ್ತರು. ಮಕ್ಕಳಿಲ್ಲ. ಆಮಾಗೆ, ಅಂದರೆ ನನ್ನ ಅಮ್ಮನಿಗೆ, ಕನ್ನಡ ಕಲಿಸಿದ್ದು ಅವರೇ. ಆದ್ದರಿಂದ ಆಮಾ ಕನ್ನಡ ಆಡಿದರೆ ಥೇಟ್ ಫಿಲೋಮಿನಮ್ಮನೇ ಆಡಿದ ಹಾಗಿರುತ್ತದೆ, ಬೈಗುಳ ಸಮೇತ.

ನಾನು ಓದಿದ್ದು ಸರ್ಕಾರಿ ಕನ್ನಡ ಶಾಲೆಯಲ್ಲಿ. ಹುಡುಗರ ತಂಡಕ್ಕೆ ಒಬ್ಬರು ಕಡಿಮೆ ಬಿದ್ದಾಗ ಪಿ.ಟಿ. ಮೇಷ್ಟ್ರು ನನ್ನನ್ನು ನಿಲ್ಲಿಸಿದರು; ಆಮೇಲೆ ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ. ಹತ್ತೊಂಬತ್ತಕ್ಕೆ ಕಠ್ಮಂಡುವಿನ ಕ್ಲಬ್ಬೊಂದು ಕರೆಯಿತು. ಅಲ್ಲಿನ ಹುಡುಗಿಯರು ನನ್ನ ನೇಪಾಳಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕು, 'ಇಂಡಿಯಾದವಳು' ಎಂದು ಹೆಸರಿಟ್ಟರು. ಅಲ್ಲಿಂದ ಮಾಲ್ದೀವ್ಸ್‌ನಲ್ಲಿ ಎರಡು ಸೀಸನ್. ಆಮೇಲೆ ಬೆಂಗಳೂರಿನ ಕ್ಲಬ್ಬು. ಪಾಸ್‌ಪೋರ್ಟ್ ನೇಪಾಳದ್ದಾದ್ದರಿಂದ ಮನೆಯಿಂದ ಮೂರು ಗಂಟೆ ದೂರದ ಊರಿನಲ್ಲಿ ನಾನು ವಿದೇಶಿ ಆಟಗಾರ್ತಿ. ಒಂದು ತಂಡದಲ್ಲಿ ವಿದೇಶಿಯರಿಗೆ ಇಂತಿಷ್ಟೇ ಜಾಗ. ಅದರಲ್ಲಿ ಒಂದು ನನ್ನದು.

ನಾನು ಮಿಡ್‌ಫೀಲ್ಡರ್. ಗಟ್ಟಿಯಾಗಿ ಒದೆಯುವವಳಲ್ಲ, ವೇಗವೂ ಸಾಧಾರಣ. ಮೈದಾನದ ನಡುವೆ ನಿಂತವಳಿಗೆ ಸುತ್ತಲೂ ಜನ. ಚೆಂಡು ಕಾಲಿಗೆ ಬರುವ ಮೊದಲೇ ಎಡ ಹೆಗಲ ಮೇಲಿಂದ ಒಮ್ಮೆ, ಬಲ ಹೆಗಲ ಮೇಲಿಂದ ಒಮ್ಮೆ ಹಿಂದಕ್ಕೆ ನೋಡಿಕೊಂಡಿರಬೇಕು. ಯಾರು ಬರುತ್ತಿದ್ದಾರೆ, ಎಲ್ಲಿ ಜಾಗವಿದೆ ಎನ್ನುವುದು ಗೊತ್ತಿದ್ದರೆ ಅರ್ಧ ಆಟ ಆದಂತೆ. ಇಷ್ಟು ವರ್ಷ ನನಗೆ ಅನ್ನ ಹಾಕಿದ್ದು ಈ ತಿರುಗಿ ನೋಡುವ ಕೆಲಸ.

ಲೀಗ್ ಶುರುವಾಗಲು ಎರಡು ತಿಂಗಳಿತ್ತು. ರಜೆಗೆ ಮನೆಗೆ ಬಂದಿದ್ದೆ. ನನ್ನ ತಂಡದ ಚೈತ್ರಳ ಮನೆ ಹಿನಕಲ್‌ನಲ್ಲಿ. ಬೆಳಿಗ್ಗೆ ಸ್ಕೂಟರಿನಲ್ಲಿ ಬಂದು ನನ್ನನ್ನು ಹತ್ತಿಸಿಕೊಂಡು ಕೆಸರೆ ಕಡೆಯ ಮೈದಾನಕ್ಕೆ ಹೋಗುತ್ತಿದ್ದಳು. ಆ ವಾರ ನನಗೆ ನೆಗಡಿ. ಬಲಗಿವಿ ನೀರು ಹೊಕ್ಕ ಹಾಗೆ ಗುಂಯ್ ಎನ್ನುತ್ತಿತ್ತು. ಚೈತ್ರ ಚೆಂಡು ಒದ್ದಳು. ಅದು ಬರುವಷ್ಟರಲ್ಲಿ ಅಭ್ಯಾಸದಂತೆ ಬಲ ಹೆಗಲ ಮೇಲಿಂದ ಹಿಂದಕ್ಕೆ ನೋಡಿದೆ. ತಲೆ ತಿರುಗಿಸುವುದನ್ನು ನಾನು ನಿಲ್ಲಿಸಿದೆ; ಮೈದಾನ ನಿಲ್ಲಲಿಲ್ಲ. ಮರ, ಗೋಲು ಕಂಬ, ಕಾಂಪೌಂಡು ಎಲ್ಲವೂ ಬಲಕ್ಕೆ ಓಡತೊಡಗಿದವು. ಕೆಳಗೆ ಬಿದ್ದು ಎರಡೂ ಕೈಯಲ್ಲಿ ಹುಲ್ಲು ಹಿಡಿದುಕೊಂಡೆ. ಬಿಟ್ಟರೆ ನೆಲದಿಂದ ಜಾರಿ ಹೋಗುತ್ತೇನೆ ಎನ್ನಿಸಿತು.

"ಎದ್ದೇಳೇ, ಯಾರೂ ಮುಟ್ಟೇ ಇಲ್ಲ ನಿನ್ನ" ಎಂದು ಚೈತ್ರ ನಗುತ್ತಾ ಬಂದಳು. ನಾನು ವಾಂತಿ ಮಾಡಿದ ಮೇಲೆ ನಗು ನಿಂತಿತು.

ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಪ್ರತಿ ತಿರುವಿನಲ್ಲೂ ಜೀವ ಬಾಯಿಗೆ ಬರುತ್ತಿತ್ತು. ನಾವು ತಲುಪುವ ಹೊತ್ತಿಗೆ ಆಮಾ ಮತ್ತು ಫಿಲೋಮಿನಮ್ಮ ಬಾಗಿಲಲ್ಲೇ ಇದ್ದರು. ಫಿಲೋಮಿನಮ್ಮ ಆಗಲೇ ಯಾರನ್ನೋ ಗದರಿಸಿ ಗಾಲಿಕುರ್ಚಿ ತಂದಿದ್ದರು.

ಕಾಯುವ ಜಾಗದಲ್ಲಿ ಗೋಡೆಗೆ 'ಚಪ್ಪಲಿ ಇಲ್ಲಿ ಬಿಡಿ' ಎಂದು ಬರೆದು ಅಂಟಿಸಿದ್ದರು. ಕಣ್ಣನ್ನು ಅದರ ಮೇಲೆ ನೆಟ್ಟರೆ ಜಗತ್ತು ಸ್ವಲ್ಪ ನಿಧಾನವಾಗುತ್ತಿತ್ತು. ಒಂದೂವರೆ ಗಂಟೆ ನಾನು ಅದನ್ನೇ ಓದಿದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತ ಹೆಂಗಸೊಬ್ಬರು ಚೀಲದಿಂದ ನಿಂಬೆಹಣ್ಣು ತೆಗೆದು, ಉಗುರಿನಿಂದ ಸಿಪ್ಪೆ ಗೀರಿ, ನನ್ನ ಕೈಗಿಟ್ಟು ಮೂಸಲು ಹೇಳಿದರು. ಅವರ ಟೋಕನ್ ಕೂಗಿದಾಗ ಎದ್ದು ಹೋದರು. ಮುಖ ಕೂಡ ಸರಿಯಾಗಿ ನೋಡಲಿಲ್ಲ ನಾನು, ಆದರೆ ಆ ನಿಂಬೆಹಣ್ಣು ಮೂರು ದಿನ ನನ್ನ ದಿಂಬಿನ ಪಕ್ಕ ಇತ್ತು.

ಮೊದಲು ನೋಡಿದ ಡಾಕ್ಟರು ತಲೆಯ ಸ್ಕ್ಯಾನ್ ಆಗಲಿ ಎಂದರು. ಅವರು ಅದಕ್ಕಿಂತ ಹೆಚ್ಚು ಹೇಳಲಿಲ್ಲ, ನಾವೂ ಕೇಳಲಿಲ್ಲ. ನನ್ನ ಓಲೆ, ಸರ, ಕೈಯ ದಾರ ಎಲ್ಲವನ್ನೂ ಆಮಾ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಳು. ಯಂತ್ರದೊಳಗೆ ಮಲಗಿದ್ದಾಗ ನನಗೆ ಮೊದಲು ಬಂದ ಯೋಚನೆ, ಈ ಸೀಸನ್ ಹೋಯಿತು ಎಂಬುದು. ಎಷ್ಟೋ ಹೊತ್ತಿನ ಮೇಲೆ, ಜೀವವೇ ಹೋಗಬಹುದಲ್ಲ ಎಂದು ಹೊಳೆಯಿತು. ಯೋಚನೆಗಳು ಬಂದ ಆ ಸರದಿಗೆ ನನಗೇ ನಾಚಿಕೆಯಾಯಿತು.

ಮರುದಿನ ಕಿವಿ-ಮೂಗು-ಗಂಟಲಿನ ಡಾಕ್ಟರ ಕೋಣೆಗೆ ನಾವು ಮೂವರೂ ಹೋದೆವು. ವಯಸ್ಸಾದ, ಮೆತ್ತಗೆ ಮಾತಾಡುವ ಮನುಷ್ಯ. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

"ಗಾಬರಿ ಆಗ್ಬೇಡಿ. ಇವರ ಮೆದುಳಲ್ಲಿ ಏನೂ ಇಲ್ಲ."

"ಅದು ನಮ್ಗೆ ಮೊದ್ಲಿಂದ್ಲೂ ಗೊತ್ತು ಡಾಕ್ಟ್ರೇ" ಎಂದರು ಫಿಲೋಮಿನಮ್ಮ.

ಡಾಕ್ಟರು ನಕ್ಕುಬಿಟ್ಟರು. ಆಮಾ ನಕ್ಕಳು, ನಗುತ್ತಲೇ ಅತ್ತಳು. ನನಗೂ ನಗು ಬಂತು. ನಕ್ಕರೆ ತಲೆ ಅಲುಗಿ ಮತ್ತೆ ವಾಂತಿ. ಫಿಲೋಮಿನಮ್ಮ ಬೇಸಿನ್ ಹಿಡಿದುಕೊಂಡೇ ನಿಂತಿದ್ದರು.

ಒಳಗಿವಿಗೆ ಸೋಂಕು ತಗುಲಿದೆ, ತಲೆಸುತ್ತು ನಿಧಾನವಾಗಿ ಹೋಗುತ್ತದೆ ಎಂದು ಹೇಳಿ ಶ್ರವಣ ಪರೀಕ್ಷೆಗೆ ಕಳಿಸಿದರು. ಗಾಜಿನ ಕಿಟಕಿಯಿದ್ದ ಪುಟ್ಟ ಕೋಣೆ. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ಎಡಗಿವಿಗೆ ಟಿಣ್, ಟಿಣ್ ಎಂದು ಬಂದವು, ಒತ್ತುತ್ತಾ ಹೋದೆ. ಆಮೇಲೆ ಬಲಗಿವಿಯ ಸರದಿ. ಪರೀಕ್ಷೆ ಶುರುವಾಗಲಿ ಎಂದು ಕಾದೆ. ತುಂಬ ಹೊತ್ತು ಕಾದೆ. ಗಾಜಿನಾಚೆ ನೋಡಿದರೆ ಪರೀಕ್ಷೆ ಮಾಡುವ ಹುಡುಗಿ ಒಂದೇ ಸಮನೆ ಯಂತ್ರದ ಬಿರಡೆ ತಿರುಗಿಸುತ್ತಿದ್ದಾಳೆ, ಒತ್ತುತ್ತಿದ್ದಾಳೆ, ಕಾಗದದಲ್ಲಿ ಗುರುತು ಹಾಕುತ್ತಿದ್ದಾಳೆ. ಸದ್ದುಗಳು ಬರುತ್ತಲೇ ಇದ್ದವು.

"ಕಿವಿಯ ವಿಷಯ ನಾನು ಭಾಷೆ ಕೊಡೋಕಾಗಲ್ಲಮ್ಮ" ಎಂದರು ಡಾಕ್ಟರು. "ಮಾತ್ರೆ ಕೊಡ್ತೀನಿ. ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ. ನಿಂಗಿನ್ನೊಂದು ಕಿವಿ ಚೆನ್ನಾಗಿದೆ, ಅದನ್ನ ಮರೀಬೇಡ."

ಮನೆಗೆ ಬಂದ ಮೇಲೆ ಆಮಾ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಫಿಲೋಮಿನಮ್ಮ ಚರ್ಚಿನಿಂದ ತಂದ ತೀರ್ಥ ಚಿಮುಕಿಸಿದರು. ಇಬ್ಬರೂ ಸೇರಿ ಊರಿನ ಅಜ್ಜಿಗೆ ಫೋನು ಮಾಡಿ, ಅಲ್ಲಿಯೂ ಒಂದು ಪೂಜೆಗೆ ಹೇಳಿದರು. ಬುವಾ ಇಷ್ಟು ವರ್ಷದಲ್ಲಿ ಮೊದಲ ಸಲ ಹಾಸ್ಟೆಲಿಗೆ ಮೂರು ದಿನ ರಜೆ ಹಾಕಿ, ನನಗೊಬ್ಬಳಿಗೇ ಮೆತ್ತಗಿನ ಅನ್ನ, ತಿಳಿಸಾರು ಮಾಡಿ ತಿನ್ನಿಸಿದರು. ಆ ಮೂರು ದಿನ ಅಲ್ಲಿಯ ಹುಡುಗರು ಮೂರು ಹೊತ್ತೂ ಉಪ್ಪಿಟ್ಟು ತಿಂದರಂತೆ.

ಎರಡು ವಾರಕ್ಕೆ ಸುಮ್ಮನೆ ಕೂತಾಗ ತಿರುಗುವುದು ನಿಂತಿತು. ತಲೆ ಆಡಿಸಿದರೆ ಮಾತ್ರ ಮತ್ತೆ ಶುರು. ಹಾಗಾಗಿ ನಾನು ತಲೆಯನ್ನೇ ಆಡಿಸದೆ, ನೀರು ತುಂಬಿದ ಕೊಡ ಹೊತ್ತವಳ ಹಾಗೆ ನಡೆಯುತ್ತಿದ್ದೆ. ಅದನ್ನು ನೋಡಿ ಫಿಸಿಯೋಥೆರಪಿಸ್ಟ್ ರಶ್ಮಿ ಮೇಡಂ ತಲೆ ಚಚ್ಚಿಕೊಂಡರು.

"ಅದೇ ತಪ್ಪು ಮಾಡ್ತಿರೋದು ನೀವು. ಯಾವುದ್ರಿಂದ ತಲೆ ಸುತ್ತುತ್ತೋ ಅದನ್ನೇ ಮಾಡ್ಬೇಕು. ದಿನಾ, ಸ್ವಲ್ಪ ಸ್ವಲ್ಪ. ಸುತ್ತಿದ್ರೆ ಸುತ್ಲಿ, ಮೆದುಳು ಕಲೀತಿದೆ ಅಂತ ತಿಳ್ಕೊಳಿ."

ಹೆಬ್ಬೆರಳು ಮುಂದೆ ಹಿಡಿದು ಅದನ್ನೇ ನೋಡುತ್ತಾ ತಲೆಯನ್ನು ಆ ಕಡೆ ಈ ಕಡೆ ತಿರುಗಿಸುವುದು. ಆಮೇಲೆ ನಡೆಯುತ್ತಾ ನಡೆಯುತ್ತಾ ಎಡಕ್ಕೆ, ಬಲಕ್ಕೆ ನೋಡುವುದು. ನನಗೆ ಅನ್ನ ಹಾಕಿದ ಕೆಲಸವೇ ಈಗ ಔಷಧಿ. ಕೇಳಲು ಚೆನ್ನಾಗಿದೆ; ಮಾಡುವಾಗ ಮೊದಲ ದಿನ ಆರು ಹೆಜ್ಜೆಗೆ ಚರಂಡಿ ಕಲ್ಲಿನ ಮೇಲೆ ಕೂತುಬಿಟ್ಟೆ.

ನಮ್ಮ ಬೀದಿಯಲ್ಲಿ ಮನೆಗಳು ಒತ್ತೊತ್ತಾಗಿವೆ. ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡುತ್ತಾ ನಡೆದರೆ ಎಲ್ಲರ ಮನೆಯೊಳಗೂ ಇಣುಕಿದಂತೆ. "ಯಾರ್ನ ಹುಡುಕ್ತಿದೀಯ ಮಾಯಾ?" ಎಂದು ಒಬ್ಬರು ಕೇಳಿದರು. ಇನ್ನೊಬ್ಬರು ಕಿಟಕಿಗೆ ಪರದೆ ಹಾಕಿದರು. ಮೂರನೆಯ ದಿನ ಫಿಲೋಮಿನಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ತರಕಾರಿ ಬುಟ್ಟಿ ಹಿಡಿದು ನನ್ನ ಹಿಂದೆಯೇ ಹೊರಟರು.

"ನೀನು ಮುಂದೆ ನಡಿ. ನಾನು ಹಿಂದಿಂದ ಒಂದೊಂದೇ ತೋರಿಸ್ತೀನಿ. ನಿಲ್ಕೂಡ್ದು, ಎಗಲ ಮೇಲಿಂದ ನೋಡಿ ಏನು ಅಂತ ಹೇಳ್ಬೇಕು."

ತಿರುಗಿ ನೋಡಿದೆ. ಬದನೆಕಾಯಿ. ಬೀದಿ ಅರ್ಧ ಸುತ್ತು ಹೊಡೆದು ನಿಂತಿತು. ಮತ್ತೆ ನೋಡಿದೆ. ಹೀರೆಕಾಯಿ. ಮತ್ತೆ.

"ಸೌತೆಕಾಯಿ" ಎಂದೆ.

"ಅಲ್ಲ, ನನ್ ಕೊಡೆ ಹಿಡಿಕೆ. ಇನ್ನೂ ನಾಕ್ ದಿನ ಬೇಕು ನಿಂಗೆ."

ಎಪ್ಪತ್ತು ದಾಟಿದ ಹೆಂಗಸು ಹೀಗೆ ಒಂದು ತಿಂಗಳು ದಿನಕ್ಕೆರಡು ಹೊತ್ತು ನನ್ನ ಹಿಂದೆ ನಡೆದರು. ಬೀದಿಯವರಿಗೂ ಇದರ ರುಚಿ ಹತ್ತಿಬಿಟ್ಟಿತು. ನಾವು ಹೊರಟರೆ ಜಗುಲಿಯ ಮೇಲೆ ಜನ ಕೂತಿರುತ್ತಿದ್ದರು. ನಾನು ಸರಿಯಾಗಿ ಹೇಳಿದರೆ ತಲೆಯಾಡಿಸುತ್ತಿದ್ದರು, ತಪ್ಪಿದರೆ ತಿದ್ದುತ್ತಿದ್ದರು. ಪರದೆ ಹಾಕಿದ್ದ ಮನೆಯಾಕೆ ಕೂಡ ಒಂದು ದಿನ ಬುಟ್ಟಿಗೆ ತಮ್ಮದೊಂದು ಸೋರೆಕಾಯಿ ಸೇರಿಸಿದರು. ಮೂರನೆಯ ವಾರದ ಕೊನೆಗೆ ನಾನು ಓಡುತ್ತಲೇ ಬೀನ್ಸಿಗೂ ಚಪ್ಪರದ ಅವರೆಕಾಯಿಗೂ ವ್ಯತ್ಯಾಸ ಹೇಳುತ್ತಿದ್ದೆ.

ಕಿವಿ ಮಾತ್ರ ಮರಳಲಿಲ್ಲ. ಎರಡನೆಯ ಪರೀಕ್ಷೆಯಲ್ಲೂ ಆ ಹುಡುಗಿಯ ಕೈ ಆಡುವುದನ್ನೇ ನೋಡುತ್ತಾ ಕೂತು ಬಂದೆ. ಸಂಜೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಚೆನ್ನಾಗಿ ಅತ್ತೆ. ಆಮಾ ಬಂದು ಪಕ್ಕದಲ್ಲಿ ಕೂತಳು. ಏನೋ ಹೇಳಿದಳು, ಬಲಗಡೆ ಕೂತಿದ್ದರಿಂದ ಕೇಳಿಸಲಿಲ್ಲ. ಅದು ಅವಳಿಗೆ ನೆನಪಾಗಿ, ಎದ್ದು, ನನ್ನನ್ನು ಸುತ್ತಿಕೊಂಡು ಬಂದು ಎಡಗಡೆ ಕೂತಳು. ಅಂದಿನಿಂದ ಇಂದಿನವರೆಗೆ ಆಮಾ ಒಮ್ಮೆಯೂ ನನ್ನ ಬಲಕ್ಕೆ ಕೂತಿಲ್ಲ.

ಕ್ಲಬ್ಬಿಗೆ ನಾನು ತಲೆಸುತ್ತಿನ ವಿಷಯವನ್ನಷ್ಟೇ ತಿಳಿಸಿದ್ದೆ. ನಮ್ಮ ಕೋಚ್ ಶಶಿ ಸರ್ ನನ್ನನ್ನು ನೋಡಲು ಬೆಂಗಳೂರಿನಿಂದ ಬರುತ್ತೇನೆಂದಾಗ, ಕಿವಿಯ ಮಾತು ಎತ್ತಬಾರದು ಎಂದು ತೀರ್ಮಾನಿಸಿದೆ. ಅವರು ನನ್ನ ಎಡಗಡೆಗೆ ಬರುವ ಹಾಗೆ ಕುರ್ಚಿ ಹಾಕಿದ್ದೆ. ಅವರು ಕೂತರು. ಅಷ್ಟರಲ್ಲಿ ಫಿಲೋಮಿನಮ್ಮ ಬಂದು, "ಅಯ್ಯೋ, ಅಲ್ಲಿ ಸೆಕೆ ಕಣ್ರೀ, ಫ್ಯಾನ್ ಕೆಳ್ಗೆ ಬನ್ನಿ" ಎಂದು ಅವರನ್ನು ಎಬ್ಬಿಸಿ, ಕುರ್ಚಿಯನ್ನು ಎಳೆದು ನನ್ನ ಬಲಗಡೆಗೆ ಹಾಕಿದರು. ಮೇಲೆ ಫ್ಯಾನಿನ ಸದ್ದು ಬೇರೆ.

ಶಶಿ ಸರ್ ಬಟ್ಟಲಿನ ಕೋಡುಬಳೆ ಮುರಿಯುತ್ತಾ ತಲೆ ತಗ್ಗಿಸಿ ಏನೋ ಹೇಳತೊಡಗಿದರು. ತುಟಿ ಕಾಣುತ್ತಿರಲಿಲ್ಲ. ಆಗಾಗ ನಕ್ಕು, "ಹ್ಞೂಂ ಸರ್" ಎನ್ನುತ್ತಿದ್ದೆ. ಕೊನೆಗೆ ಅವರು ಏನೋ ಕೇಳಿ ನನ್ನ ಮುಖ ನೋಡಿದರು.

"ಆಗ್ಲಿ ಸರ್" ಎಂದೆ, ಇನ್ನೂ ದೊಡ್ಡದಾಗಿ ನಕ್ಕು.

ಟೀ ಹಿಡಿದು ಬರುತ್ತಿದ್ದ ಆಮಾ ಅಲ್ಲೇ ನಿಂತುಬಿಟ್ಟಳು. "ಏನೇ ಆಗ್ಲಿ ಅಂತೀಯ? ಈ ಸಲ ನಿನ್ ಹೆಸ್ರು ಬುಟ್ಬುಡೋಣ್ವಾ ಅಂತ ಕೇಳ್ತಾವ್ರೆ ಅವ್ರು."

ಇನ್ನು ಮುಚ್ಚಿಡಲು ಏನೂ ಉಳಿಯಲಿಲ್ಲ. ಎದ್ದು, ನನ್ನ ಕುರ್ಚಿಯನ್ನು ಅವರ ಇನ್ನೊಂದು ಬದಿಗೆ ಎಳೆದು ಹಾಕಿ ಕೂತು, ಎಲ್ಲ ಹೇಳಿದೆ. ಬಲಗಿವಿ ಪೂರ್ತಿ ಹೋಗಿದೆ, ವಾಪಸ್ ಬರುವುದಿಲ್ಲ, ಸದ್ದು ಯಾವ ಕಡೆಯಿಂದ ಬಂತು ಎನ್ನುವುದೂ ಗೊತ್ತಾಗುವುದಿಲ್ಲ ಎಂದೆ. ಹೇಳಿ ಮುಗಿಸಿದ ಮೇಲೆ ಎದೆಯ ಮೇಲಿಂದ ಯಾರೋ ಎದ್ದು ಹೋದಂತಾಯಿತು.

"ಮ್ಯಾನೇಜ್‌ಮೆಂಟ್‌ನೋರು ಇನ್ನೊಬ್ಳನ್ನ ನೋಡಿಟ್ಟಿದ್ದಾರೆ ಮಾಯಾ. ವಿದೇಶಿಯರಿಗೆ ಇರೋದು ಎಣಿಸಿದಷ್ಟು ಜಾಗ. ಒಳ್ಳೇ ಹುಡುಗಿ ಅವಳೂನು" ಎಂದರು ಸರ್. ಆಮೇಲೆ ಒಂದು ಕೋಡುಬಳೆ ತುಂಡನ್ನು ಮೇಜಿನ ಅಂಚಿಗೆ ಸರಿಸಿದರು. "ಬಲಗಿವಿ ತಾನೇ? ನೀನು ನಡುವೆ ಆಡೋದು ಬಿಡು. ಬಲ ಅಂಚಿಗೆ ಬಾ. ಆಗ ನಿನ್ನ ಕೆಟ್ಟ ಕಿವಿ ಗೆರೆ ಕಡೆ ಇರುತ್ತೆ. ಆ ಕಡೆ ನಮ್ಮೋರು ಯಾರೂ ಇರಲ್ಲ. ಕೂಗೋರೆಲ್ಲ ಎಡಗಡೆ."

ಹೀಗೊಂದು ಉಪಾಯ ಅಷ್ಟು ದಿನ ನನಗೇ ಹೊಳೆದಿರಲಿಲ್ಲ. "ಆದ್ರೆ ಗೆರೆ ಪಕ್ಕ ನೀವು ನಿಂತಿರ್ತೀರಲ್ಲ ಸರ್. ನೀವು ಕೂಗೋದು ಕೇಳಿಸಲ್ಲ."

"ಕೇಳಿಸ್ತಿದ್ದಾಗ ಏನ್ ಕೇಳ್ತಿದ್ದೆ ನೀನು?"

ಫಿಲೋಮಿನಮ್ಮ ಅವರ ಬಟ್ಟಲಿಗೆ ಇನ್ನೆರಡು ಕೋಡುಬಳೆ ಹಾಕಿದರು.

ತಿಂಗಳ ಕೊನೆಗೆ ಬೆಂಗಳೂರಿಗೆ ಹೋಗಿ ಮೂರು ದಿನ ಆಡಿ ತೋರಿಸಬೇಕಾಯಿತು. ಮೊದಲ ದಿನ ಬಹಳ ಕೆಟ್ಟದಾಗಿ ಆಡಿದೆ. ಯಾರೋ 'ಮಾಯಾ' ಎಂದರೆ ಎಡಕ್ಕೆ ನೋಡುತ್ತಿದ್ದೆ, ಅವರು ಹಿಂದೆ ಇರುತ್ತಿದ್ದರು. ಎರಡನೆಯ ದಿನ ಚೈತ್ರ, "ಇನ್ಮೇಲೆ ನಾವ್ಯಾರೂ ಕೂಗಲ್ಲ, ಕೈ ಎತ್ತುತ್ತೀವಿ. ನೀನು ನೋಡ್ಕೋ" ಎಂದಳು. ನೋಡುವುದು ನನಗೆ ಗೊತ್ತಿತ್ತು. ಕೇಳುವುದನ್ನು ನಂಬಿಕೊಂಡಿದ್ದಾಗ ನೋಡುತ್ತಿದ್ದದ್ದಕ್ಕಿಂತ ಎರಡರಷ್ಟು ನೋಡತೊಡಗಿದೆ. ಮೂರನೆಯ ದಿನ ಸಂಜೆ ಶಶಿ ಸರ್ ನನ್ನ ಎಡಗಡೆಗೆ ಬಂದು ನಿಂತು, ಹೆಸರು ಕಳಿಸಿದ್ದಾಯಿತು ಎಂದರು.

ಲೀಗಿನ ಎರಡನೆಯ ಪಂದ್ಯಕ್ಕೆ ಆಮಾ, ಫಿಲೋಮಿನಮ್ಮ ಇಬ್ಬರೂ ಬಂದರು. ನಾನು ಬೀಳುವುದನ್ನು ನೋಡಲಾಗುವುದಿಲ್ಲ ಎಂದು ಆಮಾ ಅಲ್ಲಿಯವರೆಗೆ ನನ್ನ ಒಂದು ಪಂದ್ಯಕ್ಕೂ ಬಂದವಳಲ್ಲ. ಬಿಸಿಲಿನ ಮಧ್ಯಾಹ್ನ, ಕೊಡೆ ಬಿಡಿಸಿ ಕೂತಿದ್ದರು, ಹಿಂದಿನವರ ಕೈಲಿ ಬೈಸಿಕೊಂಡು ಮಡಿಸಿದರು. ಕೊನೆಯ ಅರ್ಧ ಗಂಟೆಗೆ ನನ್ನನ್ನು ಇಳಿಸಿದಾಗ ಮೈಕಿನಲ್ಲಿ ನನ್ನ ಹೆಸರಿನ ಜೊತೆ ನೇಪಾಳದ ಹೆಸರನ್ನೂ ಹೇಳಿದರಂತೆ. ಫಿಲೋಮಿನಮ್ಮ ಪಕ್ಕದವರಿಗೆ, "ಕುಂಬಾರಕೊಪ್ಪಲು ಕಣ್ರೀ, ನಮ್ಮನೆ ಹಿಂದ್ಗಡೇನೇ" ಎಂದು ತಿದ್ದಿದರಂತೆ. ಇದನ್ನು ಆಮೇಲೆ ಚೈತ್ರಳ ಅಕ್ಕ ಹೇಳಿದಳು.

ಆ ಅರ್ಧ ಗಂಟೆಯ ಬಗ್ಗೆ ಏನು ಬರೆಯಲಿ. ಮೊದಲ ಚೆಂಡು ಬರುವ ಮುಂಚೆ ಬಲ ಹೆಗಲ ಮೇಲಿಂದ ಹಿಂದಕ್ಕೆ ನೋಡಿದೆ. ಗೆರೆ ಗೆರೆಯಾಗಿಯೇ ಇತ್ತು, ಕಂಬ ನೆಟ್ಟಗೆ ನಿಂತಿತ್ತು. ಎದುರಾಳಿ ಹುಡುಗಿಯೊಬ್ಬಳು ಓಡಿ ಬರುತ್ತಿದ್ದಳು. ಅವಳು ತಲುಪುವ ಮೊದಲೇ ಚೆಂಡು ನನ್ನ ಕಾಲಿನಿಂದ ಚೈತ್ರಳಿಗೆ ಹೋಗಿತ್ತು. ಯಾರೂ ಚಪ್ಪಾಳೆ ತಟ್ಟುವಂಥ ಪಾಸ್ ಅಲ್ಲ ಅದು. ನನಗೆ ಮಾತ್ರ ಓಡುತ್ತಾ ಓಡುತ್ತಾ ನಗು ತಡೆಯಲಾಗಲಿಲ್ಲ. ಏನಾಯ್ತೇ ಎಂದು ಚೈತ್ರ ಸನ್ನೆಯಲ್ಲಿ ಕೇಳಿದಳು. ಏನಿಲ್ಲ ಎಂದು ಕೈ ಆಡಿಸಿದೆ.

ಪಂದ್ಯ ಮುಗಿದ ಮೇಲೆ ಆಮಾ ಬೇಲಿಯ ಹತ್ತಿರ ಓಡಿ ಬಂದು ನನ್ನ ಬೆವರಿನ ಮುಖವನ್ನು ಸೆರಗಿನಿಂದ ಒರೆಸಿದಳು. ಅವಳ ಮುಖ ಹೊಳೆಯುತ್ತಿತ್ತು.

"ಗೆದ್ರಲ್ಲ" ಎಂದಳು.

"ಸೋತ್ವಿ ಆಮಾ. ಎರಡು-ಒಂದು."

"ಅವ್ದಾ? ನೀನು ಒಂದ್ಸಲಾನೂ ಬೀಳ್ಲಿಲ್ವಲ್ಲ" ಎಂದಳು, ನಾನೇ ಏನೋ ತಪ್ಪು ಲೆಕ್ಕ ಹೇಳುತ್ತಿರುವಂತೆ.

ಎರಡು ದಿನ ಬಿಡುವಿತ್ತು. ಸಂಜೆಯ ರೈಲಿಗೆ ಮೂವರೂ ಮೈಸೂರಿಗೆ ಹೊರಟೆವು. ಬುವಾ ಕಟ್ಟಿಕೊಟ್ಟಿದ್ದ ಚಿತ್ರಾನ್ನ ತಿಂದು ಆಯಾಸಕ್ಕೆ ಆಮಾಳ ಹೆಗಲಿಗೆ ಒರಗಿದೆ. ಆಗ ತಿಳಿಯಿತು: ಎಡಗಿವಿ ಅವಳ ಹೆಗಲಿಗೆ ಒತ್ತಿಕೊಂಡರೆ ನನಗೆ ಏನೂ ಕೇಳಿಸುವುದಿಲ್ಲ. ರೈಲಿನ ಸದ್ದಿಲ್ಲ, ಕಾಫಿ ಮಾರುವವನ ಕೂಗಿಲ್ಲ. ಎಂಥ ಗಲಾಟೆಯಲ್ಲೂ ನಿದ್ದೆ ಮಾಡಬಹುದಾದ ಈ ಅನುಕೂಲ ಎರಡು ಕಿವಿಯಿದ್ದವರಿಗೆ ಇಲ್ಲ. ಕಣ್ಣು ಮುಚ್ಚಿದೆ.

ಸ್ವಲ್ಪ ಹೊತ್ತಿಗೆ ಹೆಗಲು ಅಲುಗತೊಡಗಿತು. ಕಣ್ಣು ಬಿಟ್ಟರೆ ಆಮಾ ಮತ್ತು ಫಿಲೋಮಿನಮ್ಮ ಎದುರುಬದುರು ಕೂತು ಕೈ ಬೀಸಿ ಬೀಸಿ ಮಾತಾಡುತ್ತಿದ್ದಾರೆ. ಇಬ್ಬರ ತುಟಿಯೂ ಒಂದೇ ಸಲ ಆಡುತ್ತಿದೆ, ಫಿಲೋಮಿನಮ್ಮನ ಕಾಲು ಬೇರೆ ಗಾಳಿಯಲ್ಲಿ ಏನನ್ನೋ ಒದೆಯುತ್ತಿದೆ. ಒಂದು ನಿಮಿಷ ಹಾಗೇ ಮೌನದಲ್ಲಿ ನೋಡಿದೆ. ಆಮೇಲೆ ತಡೆಯಲಾಗಲಿಲ್ಲ, ತಲೆ ಎತ್ತಿದೆ.

"...ಆ ಗೋಲಿ ಹುಡ್ಗಿ ಎಡಕ್ಕೆ ಬೀಳ್ಬೇಕಿತ್ತು ಕಣಮ್ಮ, ಬಲಕ್ಕೆ ಯಾಕ್ ಬಿದ್ಲು ಅಂತ" ಎನ್ನುತ್ತಿದ್ದರು ಫಿಲೋಮಿನಮ್ಮ.

"ಅದ್ನೇ ನಾನೂ ಏಳ್ತಿರೋದು" ಎಂದಳು ಆಮಾ.